ನಲವತ್ತೊಂದನೇ ನಂಬರಿನ ಅಂಗಡಿ

ಗಂಡು ನೋಡಲು ಹೋದ ಆಲೂರಿನ ಆ ಮನೆಯಲ್ಲಿ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಹುಡುಗ ಲೋಹಿತ್ ಕುಶಾಲನಗರದ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಕೆಲಸದಲ್ಲಿದ್ದ. ಮಾತು ಕಡಿಮೆ, ಆದರೆ ಕೇಳಿದ್ದಕ್ಕೆ ತಡವರಿಸದೆ ಉತ್ತರ ಕೊಡುತ್ತಿದ್ದ. ಅವನ ತಂದೆ ನಿರಂಜನ್ ಉಪ್ಪಿಟ್ಟಿನ ತಟ್ಟೆಗಳನ್ನು ತಾನೇ ತಂದಿಟ್ಟು ಉಪಚಾರ ಮಾಡಿದ. ಹುಡುಗಿಯ ತಾಯಿ ಸುಮಿತ್ರಮ್ಮನಿಗೂ ಚಿಕ್ಕಪ್ಪ ಕೀರ್ತಿಕುಮಾರನಿಗೂ ಸಂಬಂಧ ಹೆಚ್ಚುಕಡಿಮೆ ಒಪ್ಪಿಗೆಯಾಗಿತ್ತು. ಹೊರಡುವ ಹೊತ್ತಿಗೆ, ಅಲ್ಲಿಯವರೆಗೂ ಗೋಡೆ ಬದಿಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಹುಡುಗನ ಅಜ್ಜಿ ಸಿದ್ದಮ್ಮ ಕೀರ್ತಿಕುಮಾರನ ಕೈ ಹಿಡಿದುಕೊಂಡು ಕೇಳಿದರು:

"ಸೋಮಾರಪೇಟೆಲಿ ನಿಮ್ಮ ಅಂಗಡಿಗೆ ಮೊದ್ಲು ಎರಡು ಬಾಗ್ಲಿತ್ತಲ್ವಾ?"

ನಿರಂಜನ್ ಅಡುಗೆಮನೆಯ ಬಾಗಿಲಿಂದ ಸರಸರನೆ ಬಂದ. "ಅವ್ವಂಗೆ ಒಂದೊಂದ್ಸಲ ಒಂದೂರು ಇನ್ನೊಂದೂರು ಕಲೆಸಿಹೋಗ್ತದೆ," ಎಂದು ನಗುತ್ತ ಮುದುಕಿಯ ಕೈ ಬಿಡಿಸಿದ. ಆ ನಗು ಕೀರ್ತಿಕುಮಾರನಿಗೆ ಹಿಡಿಸಲಿಲ್ಲ.

ಕಾರು ಕೊಡ್ಲಿಪೇಟೆ ದಾಟಿದ ಮೇಲೆ ಅವನು, "ಅತ್ತಿಗೆ, ಆಯಮ್ಮಂಗೆ ಅದು ಹೆಂಗೆ ಗೊತ್ತು?" ಎಂದ.

"ಯಾರೋ ಹೇಳಿರ್ತಾರೆ ಬಿಡು," ಎಂದರು ಸುಮಿತ್ರಮ್ಮ.

"ಯಾರು ಹೇಳ್ತಾರೆ? ಅಪ್ಪಾಜಿ ಆ ಬಾಗ್ಲು ಕೀಳ್ಸಿ ಒಂದೇ ಶಟರ್ ಹಾಕ್ಸಿದಾಗ ನಾನಿನ್ನೂ ಇಸ್ಕೂಲಿಗೆ ಹೋಗ್ತಿದ್ದೆ. ಈಗ ನಮ್ಮ ಬೀದಿಯೋರಿಗೇ ನೆನಪಿಲ್ಲ. ಅದೂ ಅಲ್ದೆ, ಮೂಲ ಯಾವೂರು ಅಂತ ಕೇಳಿದ್ರೆ ಆ ನಿರಂಜನ್ ಏನಂದ? 'ಹಿರಿಯರು ಕೊಡಗಿನ ಕಡೆಯೋರೇ' ಅಂದ. ಕೊಡಗಲ್ಲಿ ಎಲ್ಲಿ ಅಂದ್ರೆ, 'ಇನ್ನೊಂದು ಲೋಟ ಕಾಫಿ ತಗೊಳ್ಳಿ' ಅಂದ."

"ನಿಂಗೆ ಹಾಲು ಕೊಟ್ರೂ ನೀರೆಷ್ಟು ಬೆರೆಸವ್ರೆ ಅಂತ್ಲೇ ನೋಡ್ತೀಯ," ಎಂದು ಸುಮಿತ್ರಮ್ಮ ಕಿಟಕಿಯ ಕಡೆ ತಿರುಗಿದರು.

ಮಾತು ಸುಳ್ಳಲ್ಲ. ಗೊಬ್ಬರ, ಸ್ಪ್ರೇ ಪಂಪು, ಕಾಫಿ ಚೀಲ ಮಾರುವ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದಿದ್ದ ಕೀರ್ತಿಕುಮಾರನಿಗೆ ಸಂಶಯ ಒಂದು ಬಗೆಯ ಎಚ್ಚರವಾಗಿ ಅಭ್ಯಾಸವಾಗಿತ್ತು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಮತ್ತು ಅವರ ಮಗಳು ಚಂದನಾಳ ಹೊಣೆ ತನ್ನದೆಂದು ಅವನು ತಿಳಿದಿದ್ದ. ಚಂದನಾ ಪಶುವೈದ್ಯೆ, ಪಾಲಿಬೆಟ್ಟದಲ್ಲಿ ಕೆಲಸ. ತನ್ನ ಹೊಣೆ ತಾನೇ ಹೊರಬಲ್ಲವಳು. ಆದರೂ ಅವಳ ಮದುವೆಯ ವಿಚಾರದಲ್ಲಿ ಎಲ್ಲಿಯಾದರೂ ಎಡವಿದರೆ ಸತ್ತ ಅಣ್ಣನಿಗೆ ಮುಖ ತೋರಿಸುವುದು ಹೇಗೆ ಎಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ಕೂತಾಗ ಅವನ ಕಣ್ಣು ಗೋಡೆಯ ಮೇಲಿನ ಚೌಕಟ್ಟಿಗೆ ಹೋಯಿತು. ಎರಡು ವರ್ಷದ ಹಿಂದೆ ಅಂಗಡಿಯ ಎಂಬತ್ತೈದನೇ ವರ್ಷಕ್ಕೆಂದು ಅವನೇ ಹಾಕಿಸಿದ್ದು. ಮೈಸೂರು, ಕೊಡಗು ಸೀಮೆಯ ವರ್ತಕರ ಹೆಸರುಗಳನ್ನು ಊರೂರಿಗೆ, ಬೀದಿಬೀದಿಗೆ ವಿಂಗಡಿಸಿ ಆಗಿನ ಕಾಲದಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕುತ್ತಿದ್ದ ಒಂದು ಡೈರೆಕ್ಟರಿಯಿತ್ತು. ಅದರ 1938ರ ಪ್ರತಿಯನ್ನು ಯಾರೋ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದರು. ಅದರಲ್ಲಿ ತಾತನ ಹೆಸರಿದ್ದ ಸಾಲನ್ನು ದೊಡ್ಡದು ಮಾಡಿಸಿ ಗಾಜು ಹಾಕಿಸಿದ್ದ: 'ನಂಬರ್ 42, ಸಿದ್ದಬಸಪ್ಪ, ಜವಳಿ ವರ್ತಕರು.' ಬಂದವರಿಗೆಲ್ಲ ತೋರಿಸುತ್ತಿದ್ದ. ಆದರೆ ಆ ಪುಟದಲ್ಲಿ ಉಳಿದವರು ಯಾರಿದ್ದರೆಂದು ಅವನು ಎಂದೂ ನೋಡಿರಲಿಲ್ಲ. ತಾತನ ಹೆಸರು ಸಿಕ್ಕಿದ ಕೂಡಲೇ ಮೇಲೂ ಕೆಳಗೂ ಕತ್ತರಿಸಿಬಿಟ್ಟಿದ್ದ.

ಈಗ ಫೋನಿನಲ್ಲಿ ಆ ಪುಸ್ತಕವನ್ನು ಮತ್ತೆ ತೆಗೆದ. ಹುಡುಕುವ ಜಾಗದಲ್ಲಿ ಊರಿನ ಹೆಸರು ಹೊಡೆದರೆ ಏನೂ ಸಿಗಲಿಲ್ಲ. ಆಗಿನವರ ಸ್ಪೆಲಿಂಗೇ ಬೇರೆ. ಕೂದಲೆಣ್ಣೆಯ ಜಾಹೀರಾತು, ಬಸ್ಸಿನ ವೇಳಾಪಟ್ಟಿ, ಮಡಿಕೇರಿಯ ವಕೀಲರ ಪಟ್ಟಿ ಎಲ್ಲ ದಾಟಿ ಪುಟಪುಟವಾಗಿ ಸರಿಸುತ್ತ ಸೋಮವಾರಪೇಟೆಗೆ ಬಂದ. ತಾತನ ಹೆಸರಿನ ನೇರ ಮೇಲಿನ ಸಾಲಿನಲ್ಲಿತ್ತು: 'ನಂಬರ್ 41, ಚನ್ನಮಲ್ಲಪ್ಪ, ಏಲಕ್ಕಿ ಮತ್ತು ಮೆಣಸಿನ ವರ್ತಕರು.'

ಕೀರ್ತಿಕುಮಾರ ಫೋನನ್ನು ಮೇಜಿನ ಮೇಲಿಟ್ಟ. ಆಲೂರಿನ ಮನೆಯ ನಡುಮನೆಯಲ್ಲಿ, ಸಿದ್ದಮ್ಮನ ತಲೆಯ ಮೇಲುಗಡೆ, ರುಮಾಲು ಸುತ್ತಿದ ಗಂಡಸೊಬ್ಬನ ಪಟವಿತ್ತು. ಕೆಳಗೆ 'ಲಿಂಗೈಕ್ಯ ಚನ್ನಮಲ್ಲಪ್ಪನವರು' ಎಂದು ಬರೆದಿತ್ತು. ಸಿದ್ದಮ್ಮನ ತಂದೆಯೆಂದು ನಿರಂಜನ್ ಹೇಳಿದ್ದ.

ತನ್ನ ಮನೆಯಲ್ಲಿ ಅವನು ಕೇಳಿ ಬೆಳೆದ ಕತೆ ಬೇರೆಯದೇ. ತಾತ ಸಿದ್ದಬಸಪ್ಪ ಪಕ್ಕದ ಖಾಲಿ ಜಾಗವನ್ನು ಕೊಂಡು, ತಾನೇ ನಿಂತು ಕಟ್ಟಿಸಿ ಅಂಗಡಿಯನ್ನು ದೊಡ್ಡದು ಮಾಡಿದ ಎಂದು ಅಪ್ಪಾಜಿ ಹಬ್ಬಕ್ಕೊಂದು ಸಲ ಹೇಳುತ್ತಿದ್ದರು. ಖಾಲಿ ಜಾಗಕ್ಕೆ ನಂಬರು ಎಲ್ಲಿಂದ ಬಂತು? ಏಲಕ್ಕಿ ವರ್ತಕ ಎಲ್ಲಿಂದ ಬಂದ?

ಆ ವಾರವೇ ಅವನು ಸ್ಟಾಕು ತರುವ ನೆಪ ಹೇಳಿ ಮೈಸೂರಿಗೆ ಹೋದ. ಹಳೆಯ ಗ್ರಂಥಾಲಯವೊಂದರಲ್ಲಿ ಅದೇ ಡೈರೆಕ್ಟರಿಯ ಬೇರೆ ವರ್ಷದ ಸಂಪುಟಗಳಿದ್ದವು. ಪುಟ ಮುಟ್ಟಿದರೆ ಅಂಚು ಪುಡಿಯಾಗುತ್ತಿತ್ತು. 1940ರ ಸಂಪುಟದಲ್ಲೂ ನಲವತ್ತೊಂದು ಚನ್ನಮಲ್ಲಪ್ಪನದೇ, ನಲವತ್ತೆರಡು ತಾತನದೇ. 1942ರ ಸಂಪುಟದಲ್ಲಿ ಚನ್ನಮಲ್ಲಪ್ಪನಿಲ್ಲ. 'ನಂಬರ್ 41 ಮತ್ತು 42, ಸಿದ್ದಬಸಪ್ಪ, ಜವಳಿ, ಏಲಕ್ಕಿ, ಮೆಣಸು' ಎಂದು ಒಂದೇ ಸಾಲು. ಅವನು ಎರಡೂ ಪುಟಗಳ ಫೋಟೋ ತೆಗೆದುಕೊಂಡ. ಎರಡು ವರ್ಷದ ನಡುವೆ ಪಕ್ಕದವನು ಮಾಯವಾಗಿ, ಅವನ ಅಂಗಡಿಯೂ ಅವನ ವ್ಯಾಪಾರವೂ ತಾತನದಾಗಿತ್ತು.

ವಾಪಸು ಬರುವ ದಾರಿಯಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಕೊಳ್ಳತೊಡಗಿತು. ಆಲೂರಿನವರ ಹಾಸನ ಜಿಲ್ಲೆಯಲ್ಲಿ ಹುಡುಗಿಯರಿಗೆ ಬರವಿತ್ತೇ? ಹುಡುಕಿಕೊಂಡು ಈ ಮನೆಗೇ ಯಾಕೆ ಬಂದರು? ದಲ್ಲಾಳಿಯ ಮೂಲಕ ಮೊದಲು ಕೇಳಿ ಕಳಿಸಿದವರೂ ಅವರೇ. ಮುದುಕಿ ಬಾಯಿ ಬಿಟ್ಟಾಗ ಮಗ ಓಡಿಬಂದು ಮುಚ್ಚಿಸಿದ್ದು ಯಾಕೆ? ಕಳೆದುಕೊಂಡದ್ದನ್ನು ಮದುವೆಯ ದಾರಿಯಲ್ಲಿ ಹಿಂದಕ್ಕೆ ಪಡೆಯುವ ಹಂಚಿಕೆ ಇದು ಎಂದು ಅವನಿಗೆ ಖಚಿತವಾಯಿತು.

ಮಡಿಕೇರಿಯಲ್ಲಿ ಧರ್ಮಪಾಲ ಎಂಬ ವಕೀಲನಿದ್ದ, ಕಾಲೇಜಿನ ಗೆಳೆಯ. ಕೀರ್ತಿಕುಮಾರ ಅವನಿಗೆ ಯಾರ ಹೆಸರೂ ಹೇಳದೆ ವಿಷಯ ಮಾತ್ರ ಹೇಳಿದ. ಧರ್ಮಪಾಲ ಪೂರ್ತಿ ಕೇಳಿ, "ಎಂಬತ್ತು ವರ್ಷದ ಮೇಲೆ ಯಾವ ಕೋರ್ಟಲ್ಲೂ ಏನೂ ನಿಲ್ಲೋದಿಲ್ಲ ಮಾರಾಯ. ಡೈರೆಕ್ಟರಿ ಅಂದ್ರೆ ಹಕ್ಕುಪತ್ರ ಅಲ್ಲ. ಮನೆಗೆ ಹೋಗಿ ಊಟ ಮಾಡು," ಎಂದ.

ಇದರಿಂದ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಆಸ್ತಿಗಲ್ಲವಾದರೆ ಮತ್ತೇಕೆ? ಹಗೆಗೆ ಇರಬಹುದು. ಚಂದನಾಳನ್ನು ಕರೆದುಕೊಂಡು ಹೋಗಿ ದಿನಾ ಚುಚ್ಚುವುದಕ್ಕೆ ಇರಬಹುದು. ಅವನು ಸುಮಿತ್ರಮ್ಮನ ಹತ್ತಿರ, "ಹುಡುಗನ ಬಗ್ಗೆ ಕುಶಾಲನಗರದಲ್ಲಿ ವಿಚಾರಿಸ್ದೆ, ಅಷ್ಟು ಚೆನ್ನಾಗಿ ಹೇಳ್ಲಿಲ್ಲ. ಬೇಡ ಅಂದ್ಬಿಡೋಣ," ಎಂದ. ಅವನು ಕುಶಾಲನಗರದಲ್ಲಿ ಯಾರನ್ನೂ ವಿಚಾರಿಸಿರಲಿಲ್ಲ.

ಆ ಶನಿವಾರ ಚಂದನಾ ಪಾಲಿಬೆಟ್ಟದಿಂದ ಬಂದಳು. ಚೀಲವನ್ನೂ ಇಳಿಸದೆ ನೇರ ಅಂಗಡಿಗೆ ಬಂದು, ಗಿರಾಕಿ ಹೋಗುವವರೆಗೆ ಕಾದು ನಿಂತಳು.

"ಚಿಕ್ಕಪ್ಪ, ಕುಶಾಲನಗರದಲ್ಲಿ ಯಾರು ಏನಂದ್ರು?"

"ಒಬ್ರಾ ಇಬ್ರಾ. ಎಲ್ರೂ ಅಂದ್ರು."

"ಒಬ್ಬರ ಹೆಸ್ರು ಹೇಳಿ. ನಾನೇ ಫೋನ್ ಮಾಡ್ತೀನಿ."

ಅವನು ರಸೀದಿ ಪುಸ್ತಕ ತಿರುವಿದ. ಅವಳು ಕದಲಲಿಲ್ಲ.

"ನೀವು ಮೈಸೂರಲ್ಲಿ ಸ್ಟಾಕು ತರ್ಲಿಲ್ಲ. ಅವ್ವಂಗೆ ಗೊತ್ತು, ನಂಗೂ ಗೊತ್ತು. ನಂಗೆ ಲೋಹಿತ್ ಬೇಕೇಬೇಕು ಅಂತೇನಿಲ್ಲ. ಆದ್ರೆ ಬೇಡ ಅನ್ನೋದಾದ್ರೆ ಯಾಕೆ ಅಂತ ನಂಗೆ ಗೊತ್ತಾಗ್ಬೇಕು. ಹುಡುಗನ ಮೇಲೆ ಇಲ್ಲದ್ದು ಹೊರಿಸಿ ಅಲ್ಲ."

ಕೀರ್ತಿಕುಮಾರ ಬೇರೆ ದಾರಿ ಕಾಣದೆ ಫೋನು ತೆಗೆದು ಮೂರು ವರ್ಷದ ಮೂರು ಪುಟಗಳನ್ನೂ ತೋರಿಸಿದ. ಅವಳು ಒಂದೊಂದನ್ನೂ ಎರಡೆರಡು ಸಲ ಓದಿದಳು.

"ಅಂದ್ರೆ ನಮ್ಮ ಮುತ್ತಾತ ಅವರ ಅಂಗಡಿ ಹೊಡ್ಕೊಂಡ್ರು ಅಂತ್ಲಾ?"

"ಹಂಗಂತ ನಾನು ಎಲ್ಲಂದೆ?"

"ಬಾಯಲ್ಲಿ ಅನ್ಲಿಲ್ಲ. ಅಷ್ಟೆ." ಅವಳು ಫೋನನ್ನು ಹಿಂದಕ್ಕೆ ಕೊಟ್ಟಳು. "ನಾಳೆ ಭಾನುವಾರ. ಆಲೂರಿಗೆ ಹೋಗಿ ಆ ಅಜ್ಜೀನೇ ಕೇಳೋಣ."

"ಕೇಳಿದ್ರೆ ನಿಜ ಹೇಳ್ತಾರಾ?"

"ಕೇಳ್ದೆ ಇದ್ರೆ ಹೇಳ್ತಾರಾ?"

ಅವರು ಹೋದಾಗ ನಿರಂಜನ್ ಅಂಗಳದಲ್ಲೇ ಸಿಕ್ಕಿದ. "ಹೇಳಿ ಕಳ್ಸಿದ್ರೆ…" ಎಂದು ತಡವರಿಸಿದ. ಲೋಹಿತ್ ಒಳಗಿಂದ ಬಂದು ಕುರ್ಚಿ ಹಾಕಿದ. ಸಿದ್ದಮ್ಮ ಅದೇ ಗೋಡೆ ಬದಿಯಲ್ಲಿದ್ದರು. ಚಂದನಾ ಅವರ ಎದುರಿಗೆ ನೆಲದ ಮೇಲೆಯೇ ಕೂತಳು. ಕೀರ್ತಿಕುಮಾರ ನಿಂತುಕೊಂಡೇ ಕೇಳಿದ:

"ಅಜ್ಜಿ, ನಲವತ್ತೊಂದನೇ ನಂಬರಿನ ಅಂಗಡಿ ನಿಮ್ಮಪ್ಪಂದಾ?"

ಸಿದ್ದಮ್ಮ ಅವನನ್ನು ಅಳೆಯುವಂತೆ ನೋಡಿದರು. ತೊಂಬತ್ತರ ಹತ್ತಿರದ ಕಣ್ಣಾದರೂ ನೋಟ ಚುರುಕಾಗಿತ್ತು. "ನಂಬರು ನಂಗೊತ್ತಿಲ್ಲ. ಯಾಕೆ ಕೇಳ್ತೀಯ? ಏನಾದ್ರೂ ಬರೆಸ್ಕೋಬೇಕಾ ನಂ ಕೈಲಿ?"

ಇಂಥ ಪ್ರಶ್ನೆಯನ್ನು ಕೀರ್ತಿಕುಮಾರ ಕೇಳುವವನೇ ಹೊರತು ಕೇಳಿಸಿಕೊಳ್ಳುವವನಾಗಿರಲಿಲ್ಲ.

"ಏನೂ ಬರೆಸ್ಕೊಳ್ಳೋದಿಲ್ಲ ಅಜ್ಜಿ," ಎಂದಳು ಚಂದನಾ. "ಹಳೇ ಪುಸ್ತಕದಲ್ಲಿ ನಿಮ್ಮಪ್ಪನ ಹೆಸ್ರಿದೆ. ನೋಡಿ ಬಂದ್ವಿ."

"ಎಂಥ ಪುಸ್ತಕ?"

ಚಂದನಾ ಫೋನಿನಲ್ಲಿದ್ದುದನ್ನು ನಿಧಾನವಾಗಿ ಕನ್ನಡದಲ್ಲಿ ಓದಿ ಹೇಳಿದಳು. ನಂಬರ್ ನಲವತ್ತೊಂದು, ಚನ್ನಮಲ್ಲಪ್ಪ, ಏಲಕ್ಕಿ ಮತ್ತು ಮೆಣಸಿನ ವರ್ತಕರು. ಮುದುಕಿ ಇನ್ನೊಂದು ಸಲ ಓದು ಎಂದರು. ಆಮೇಲೆ ಇನ್ನೂ ಒಂದು ಸಲ. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಾನು ಹುಟ್ಟಿದ್ದು ಆ ಅಂಗಡಿ ಹಿಂದ್ಲ ಕೋಣೇಲಿ," ಎಂದರು ಕೊನೆಗೆ. "ಯುದ್ಧ ಶುರುವಾದ ವರ್ಷ ನಮ್ಮವ್ವಂಗೆ ಚಳಿಜ್ವರ ಬಂತು. ಉಳೀಲಿಲ್ಲ. ಆಗ ನಂಗೆ ಐದೋ ಆರೋ. ಅವ್ವನ್ನ ಅಲ್ಲೇ ಸಮಾಧಿ ಮಾಡಿದ್ರು. ಅಪ್ಪಂಗೆ ಆ ಮನೇಲಿ ನಿಲ್ಲಕ್ಕಾಗ್ಲಿಲ್ಲ. ಪಕ್ಕದ ಅಂಗ್ಡಿಯೋರಿಗೆ ನೋಡ್ಕೊಳ್ಳಿ ಅಂತ ಹೇಳಿ, ನನ್ನ ಕರ್ಕೊಂಡು ಇಲ್ಲಿ ಅತ್ತೆ ಮನೆಗೆ ಬಂದ. ಬಸ್ಸಿನ ತಂಕ ನನ್ನ ಹೆಗಲ ಮೇಲೆ ಎತ್ಕೊಂಡು ಬಂದಿದ್ದು ನಿಮ್ಮ ತಾತನೇ. ಅಪ್ಪ ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ."

"ಹಂಗಾದ್ರೆ ಅಂಗಡಿ…" ಎಂದ ಕೀರ್ತಿಕುಮಾರ.

"ಅಂಗಡಿ ಯಾರಿಗೆ ಬೇಕಿತ್ತು? ನಂಗೆ ಅವ್ವನ ಸಮಾಧಿ ಎಲ್ಲೈತೆ ಅಂತ ನೋಡ್ಬೇಕಿತ್ತು. ಅಷ್ಟೇ."

"ಅದನ್ನ ಬಂದು ಕೇಳ್ಬೋದಿತ್ತಲ್ಲ," ಎಂದು ಅವನ ಬಾಯಿಂದ ಬಂದುಬಿಟ್ಟಿತು.

"ಬಂದಿದ್ದೆ," ಎಂದರು ಸಿದ್ದಮ್ಮ. "ನಮ್ಮ ಯಜಮಾನ್ರು ಹೋದ ಮಾರನೇ ವರ್ಷ. ಈಗೊಂದು ಮೂವತ್ತು ವರ್ಷ ಆಗಿರ್ಬೇಕು. ಗಲ್ಲಾದಲ್ಲಿ ನಿಮ್ಮಪ್ಪ ಇದ್ದ ಅಂತ ಕಾಣ್ತದೆ, ನಿನ್ನಂಗೇ ಮೂಗು. ಇಲ್ಲಿ ಚನ್ನಮಲ್ಲಪ್ಪ ಅಂತ ಇದ್ರಲ್ಲ, ಅವ್ರ ಮಗಳು ನಾನು ಅಂದೆ. 'ಅಂಥೋರು ಯಾರೂ ಈ ಬೀದಿಲಿ ಇರ್ಲೇ ಇಲ್ಲ, ನಿಮಗೆ ಯಾರು ಹೇಳಿ ಕಳ್ಸಿದ್ದು' ಅಂದ. ನಾನು ವಾಪಸ್ಸು ಬಸ್ಸು ಹತ್ತಿದೆ. ಎಷ್ಟೋ ದಿನ ನಂಗೇ ಅನುಮಾನ, ನಾನು ಹುಟ್ಟಿದ್ದು ಆ ಊರಲ್ಲಿ ಹೌದೋ ಅಲ್ವೋ ಅಂತ."

ಕೀರ್ತಿಕುಮಾರ ಆಗ ಕುರ್ಚಿಯಲ್ಲಿ ಕೂತ. ಅಪ್ಪಾಜಿಯ ದನಿ ಅವನಿಗೆ ಚೆನ್ನಾಗಿ ಗೊತ್ತಿತ್ತು. 'ಯಾರು ಹೇಳಿ ಕಳ್ಸಿದ್ದು' ಎಂದು ಅವರು ಕೇಳುವ ರೀತಿಯೂ ಗೊತ್ತಿತ್ತು. ಅವನೂ ಹಾಗೆಯೇ ಕೇಳುತ್ತಿದ್ದ.

ನಿರಂಜನ್ ಮೆಲ್ಲಗೆ ಹೇಳಿದ: "ನಿಮ್ಮನೆ ಹುಡುಗಿ ವಿಷಯ ಬಂದಾಗ ಅವ್ವ ಅದೇ ಮನೆ ಅಂತ ಹಿಡ್ಕೊಂಡ್ರು. ಸಂಬಂಧ ಆದ್ರೆ ಓಡಾಡೋಕೆ ದಾರಿ ಆಗ್ತದೆ ಅಂತ. ಈ ಕತೆ ನಾವೇ ಹೇಳಿದ್ರೆ ಅಂಗಡಿ ಕೇಳೋಕೆ ಬಂದವ್ರೆ ಅಂತ ನೀವು ತಿಳ್ಕೋತೀರಿ ಅಂತ ನಾನೇ ಸುಮ್ನಿರಿಸಿದ್ದೆ."

"ಹೇಳ್ದೆ ಇದ್ದಿದ್ದಕ್ಕೇ ಹಂಗೆ ತಿಳ್ಕೊಂಡ್ರು," ಎಂದಳು ಚಂದನಾ. ಆಮೇಲೆ ಲೋಹಿತ್‌ನ ಕಡೆ ತಿರುಗಿದಳು. "ನಿಮಗೆ ಇದೆಲ್ಲ ಗೊತ್ತಿತ್ತಾ?"

"ಅಜ್ಜಿ ಊರು ಅದು ಅಂತ ಗೊತ್ತಿತ್ತು," ಎಂದ ಲೋಹಿತ್. "ಅಂಗಡಿ ವಿಷಯ ಗೊತ್ತಿರ್ಲಿಲ್ಲ. ಗೊತ್ತಿದ್ದಷ್ಟನ್ನಾದ್ರೂ ಹೇಳ್ಬೇಕಿತ್ತು."

ಅವಳು ಫೋನಿನ ಪುಟಗಳನ್ನು ಹಿಂದೆ ಮುಂದೆ ಸರಿಸುತ್ತ, "ಚಿಕ್ಕಪ್ಪ, ಯುದ್ಧ ಶುರುವಾಗಿದ್ದು ಮೂವತ್ತೊಂಬತ್ತರಲ್ಲಿ," ಎಂದಳು. "ಅಷ್ಟೊತ್ತಿಗೆ ಇವರು ಇಲ್ಲಿಗೆ ಬಂದಾಗಿತ್ತು. ಆದ್ರೂ ನಲವತ್ತರ ಪುಸ್ತಕದಲ್ಲಿ ಹೆಸ್ರು ಹಂಗೇ ಇದೆ. ಯಾರೋ ಹೇಳಿ ಹಾಕ್ಸಿರ್ಬೇಕಲ್ಲ. ಮುತ್ತಾತನೇ ಹಾಕ್ಸಿದ್ರೇನೋ, ಇವರು ವಾಪಸ್ಸು ಬರ್ತಾರೆ ಅಂತ."

"ಇಲ್ಲಾಂದ್ರೆ ಅಚ್ಚಿನೋರು ಹೋದ್ಸಲದ್ದನ್ನೇ ಮತ್ತೆ ಹಾಕಿರ್ಬೋದು," ಎಂದ ಕೀರ್ತಿಕುಮಾರ. ತಾತನ ಪರವಾಗಿ ಬಂದ ಸಾಕ್ಷಿಯನ್ನೂ ಅವನಿಗೆ ಪೂರ್ತಿ ನಂಬಲಾಗಲಿಲ್ಲ. ಸಿದ್ದಮ್ಮ ಇಬ್ಬರ ಮುಖವನ್ನೂ ನೋಡಿದರು, ಯಾವುದಕ್ಕೂ ಹೌದೆನ್ನಲಿಲ್ಲ.

ಎರಡು ವಾರದ ನಂತರ ಲೋಹಿತ್ ಅಜ್ಜಿಯನ್ನು ಸೋಮವಾರಪೇಟೆಗೆ ಕರೆತಂದ. ಕೀರ್ತಿಕುಮಾರನೇ ಕರೆ ಕಳಿಸಿದ್ದ. ಊರಾಚೆಯ ರುದ್ರಭೂಮಿಯಲ್ಲಿ ಹೊಸ ಸಮಾಧಿಗಳು ಸಿಮೆಂಟು, ಟೈಲು ಹಾಕಿಸಿಕೊಂಡು ಸಾಲಾಗಿದ್ದವು. ಹಳೆಯವು ಲಂಟಾನದ ಪೊದೆಯೊಳಗೆ, ಇಳಿಜಾರಿನ ಕಡೆಗೆ. ಅವನು ಹಿಂದಿನ ದಿನವೇ ಆಳು ಹಿಡಿದು ಪೊದೆ ಕಡಿಸಿದ್ದ. ಅಲ್ಲಲ್ಲಿ ಮಣ್ಣಿನ ಉಬ್ಬು, ಒಂದೊಂದು ಕಾಡುಗಲ್ಲು. ಯಾವುದರ ಮೇಲೂ ಅಕ್ಷರವಿರಲಿಲ್ಲ. ಗೊತ್ತಿದ್ದವರನ್ನೆಲ್ಲ ವಿಚಾರಿಸಿದ್ದ, ಆ ಕಾಲದ ಸಮಾಧಿಗಳ ಗುರುತು ಹೇಳುವವರು ಯಾರೂ ಉಳಿದಿರಲಿಲ್ಲ.

ಸಿದ್ದಮ್ಮ ಮೊಮ್ಮಗನ ತೋಳು ಹಿಡಿದು ಇಳಿಜಾರಿನ ತುದಿಗೆ ಬಂದು ನಿಂತರು. ಅಷ್ಟು ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಲು ಕೀರ್ತಿಕುಮಾರನಿಗೆ ಮನಸ್ಸಾಗಲಿಲ್ಲ. ಒಂದು ಸಣ್ಣ ಕಲ್ಲನ್ನು ತೋರಿಸಿ, "ಇದೇ ಇರ್ಬೇಕು ಅಜ್ಜಿ," ಎಂದ.

"ಹೆಂಗೆ ಗೊತ್ತು?"

"ಹಳಬರು ಹೇಳಿದ್ರು."

"ಯಾವ ಹಳಬರು?"

ಅವನು ಬಗ್ಗಿ ಕಾಲಿಗೆ ಅಂಟಿದ ಮುಳ್ಳು ಕಿತ್ತ. ಚಂದನಾ ಅವನನ್ನೇ ನೋಡುತ್ತಿದ್ದಳು. "ಗೊತ್ತಿಲ್ಲ ಅಜ್ಜಿ," ಎಂದ ಆಮೇಲೆ. "ಯಾರೂ ಹೇಳ್ಲಿಲ್ಲ. ಇದರಲ್ಲಿ ಯಾವ್ದು ಅಂತ ಯಾರಿಗೂ ಗೊತ್ತಿಲ್ಲ."

"ಹಂಗನ್ನು," ಎಂದರು ಸಿದ್ದಮ್ಮ. ತಂದಿದ್ದ ಬಿಲ್ವಪತ್ರೆಯನ್ನೂ ವಿಭೂತಿಯನ್ನೂ ಚಂದನಾಳ ಕೈಗೆ ಕೊಟ್ಟು, ಎಲ್ಲ ಕಲ್ಲಿಗೂ ಸ್ವಲ್ಪ ಸ್ವಲ್ಪ ಇಡಲು ಹೇಳಿದರು. ಚಂದನಾ ಮತ್ತು ಲೋಹಿತ್ ಇಬ್ಬರೂ ಸೇರಿ ಇಟ್ಟರು. ಪತ್ರೆ ಸಾಲದೆ ಬಂದಾಗ ಎಲೆ ಹರಿದು ಹಂಚಿದರು. ಮುದುಕಿ ಅಳಲಿಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದು ಇಳಿಜಾರಿನ ಉದ್ದಕ್ಕೂ ಒಂದು ಸಲ ನೋಡಿ, ಹೋಗೋಣ ಎಂದರು.

ಮದುವೆಯ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ. ಆಮೇಲೆ ಲೋಹಿತ್ ಒಂದೆರಡು ಭಾನುವಾರ ಪಾಲಿಬೆಟ್ಟಕ್ಕೆ ಹೋಗಿಬಂದ. ಒಂದು ಸಲ ಚಂದನಾ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಗಳ ಹತ್ತಿರ ಕರು ಹಾಕಲು ಕಷ್ಟಪಡುತ್ತಿದ್ದ ಹಸುವೊಂದನ್ನು ನೋಡುತ್ತಿದ್ದಾಗ, ಅವನು ಕೊಟ್ಟಿಗೆಯ ಹೊರಗೆ ಬಹಳ ಹೊತ್ತು ಬಿಸಿನೀರಿನ ಬಕೆಟ್ಟು ಹಿಡಿದು ನಿಂತಿದ್ದನಂತೆ. ತಾನು ಕೇಳುವುದನ್ನೆಲ್ಲ ಕೇಳಿಯಾಯಿತು, ಮುಚ್ಚಿಟ್ಟದ್ದು ಇನ್ನೇನೂ ಇದ್ದಂತಿಲ್ಲ ಎಂದು ಅವಳು ತಾಯಿಗೆ ಫೋನು ಮಾಡಿದಳು. ವೈಶಾಖದಲ್ಲಿ ಮದುವೆಯಾಯಿತು.

ಮದುವೆಯ ಮಾರನೆಯ ದಿನ ಸಿದ್ದಮ್ಮ ಅಂಗಡಿ ನೋಡಬೇಕೆಂದರು. ಕೀರ್ತಿಕುಮಾರ ಗೊಬ್ಬರದ ಚೀಲಗಳನ್ನು ಬದಿಗೆ ಸರಿಸಿ, ಹಿಂದಿನ ಗೋದಾಮಿನವರೆಗೂ ಕರೆದೊಯ್ದ. ಅವರು ಗೋಡೆ ಮುಟ್ಟಿ ನೋಡಿದರು, ಮಾಡಿನ ಕಡೆ ತಲೆಯೆತ್ತಿ ನೋಡಿದರು. ಉದ್ದ ಅಗಲ ಅಂದಾಜು ಮಾಡುತ್ತಿದ್ದಾರೋ ಎಂಬ ಯೋಚನೆ ಅವನ ತಲೆಯಲ್ಲಿ ಹಾದುಹೋಯಿತು. ಅವನಿಗೆ ತನ್ನ ಮೇಲೆಯೇ ಬೇಸರವಾಯಿತು. ಆದರೂ ಆ ಯೋಚನೆ ಬಂದದ್ದು ಹೌದು.

"ಅಜ್ಜಿ," ಎಂದ, "ನಿಮ್ಮಪ್ಪ ನಮ್ಮ ತಾತನ ವಿಷಯ ಏನಾದ್ರೂ ಹೇಳ್ತಿದ್ರಾ?"

ಸಿದ್ದಮ್ಮ ಒಂದು ಚೀಲದ ಮೇಲೆ ಕೂತರು. "ಒಂದೇ ಒಂದ್ಸಲ. 'ಸಿದ್ದಬಸಪ್ಪ ಕೆಟ್ಟೋನಲ್ಲ. ಆದ್ರೆ ಬೀಗದಕೈ ಅವ್ನ ಕೈಲಿ ಕೊಟ್ಟು ಬರ್ಬಾರ್ದಿತ್ತು' ಅಂದ. ಯಾಕೆ ಅಂತ ನಾನು ಕೇಳಿದ್ರೆ ಎದ್ದು ಹೊರಗೆ ಹೋದ."

"ಇದನ್ನ ಅವತ್ತೇ ಆಲೂರಲ್ಲಿ ಹೇಳ್ಬೋದಿತ್ತಲ್ಲ."

"ಹೇಳಿದ್ರೆ ಮದ್ವೆ ಮುರೀತಿದ್ದೆ ನೀನು," ಎಂದರು ಸಿದ್ದಮ್ಮ.

ಅವನು ಇಲ್ಲವೆನ್ನಲಿಲ್ಲ. ಮುಂಭಾಗದಲ್ಲಿ ಗಿರಾಕಿಯೊಬ್ಬ ಯೂರಿಯಾ ಇದೆಯೇ ಎಂದು ಕೂಗಿ ಕೇಳಿದ. ಕೀರ್ತಿಕುಮಾರ ಬಂದೆ ಎಂದು ಹೇಳಿ, ಮುದುಕಿಗೆ ಎದ್ದು ನಿಲ್ಲಲು ಕೈ ಕೊಟ್ಟ.